ಮುಂದಿನ ಹಲ್ಲಿನ ಕ್ಯಾಪ್ ದೂರದಿಂದಲೇ ಗೊತ್ತಾಗುತ್ತದೆ, ಏನು ಮಾಡಲಿ?

ಸಾಧನಕೇರಿ ಟೀಚರ್, ಧಾರವಾಡ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರಾಗದೆ ಓದಿ.

ಏಳನೇ ಕ್ಲಾಸಿನಲ್ಲಿದ್ದಾಗ ಆಟದಲ್ಲಿ ಕಟ್ಟೆಗೆ ಮುಖ ಬಡಿದು ಮೇಲಿನ ಸಾಲಿನ ನಡುವಿನ ಹಲ್ಲಿಗೆ ಪೆಟ್ಟಾಗಿತ್ತು. ಆಗ ನೋವಿರಲಿಲ್ಲ, ಹಾಗೇ ಬಿಟ್ಟೆವು. ವರ್ಷ ಕಳೆದ ಹಾಗೆ ಹಲ್ಲು ಬೂದಿ ಬಣ್ಣಕ್ಕೆ ತಿರುಗಿತು. ಹೋದ ವರ್ಷ ಬಾವು ಬಂತು. ರೂಟ್ ಕೆನಾಲ್ ಆಯಿತು, ಮೇಲೆ ಮೆಟಲ್ ಸಿರಾಮಿಕ್ ಕ್ಯಾಪ್ ಹಾಕಿದರು. ಕ್ಲಿನಿಕ್ ಯಾವುದು ಅಂತ ಕೇಳಬೇಡಿ, ಅವರ ಮೇಲೆ ನನಗೆ ಸಿಟ್ಟಿಲ್ಲ.

ಅಲ್ಲಿಯ ಕೈಗನ್ನಡಿಯಲ್ಲಿ ಚೆನ್ನಾಗೇ ಕಂಡಿತ್ತು. ವಾಪಸ್ ಬರುವಾಗ ಚಿಗರಿ ಬಸ್ಸಿನ ಕಿಟಕಿ ಪಕ್ಕ ಕೂತು ಮೊಬೈಲಿನಲ್ಲಿ ನೋಡಿಕೊಂಡೆ. ಎದೆ ಧಸಕ್ ಅಂತು. ಪಕ್ಕದ ಹಲ್ಲು ಹಲ್ಲಿನ ಹಾಗಿದೆ, ಇದು ಬಚ್ಚಲಮನೆ ಟೈಲ್ಸ್ ಹಾಗಿದೆ. ಮೇಲಿಂದ ಕೆಳಗೆ ಒಂದೇ ಬಿಳಿ. ವಸಡಿನ ಅಂಚಿಗೆ ದಾರದಷ್ಟು ಕಪ್ಪು ಗೆರೆ. ಮರುದಿನ ಮೂರನೇ ಕ್ಲಾಸಿನ ಒಬ್ಬಳು ಎದ್ದು ನಿಂತು ಕೇಳಿದಳು, "ಟೀಚರ್, ನಿಮ್ದು ಒಂದು ಹಲ್ಲು ಪ್ಲಾಸ್ಟಿಕ್ಕಿಂದೇನ್ರೀ?"

ಡಾಕ್ಟರನ್ನು ಕೇಳಿದೆ. "ಎ2 ಶೇಡ್ ಕೊಟ್ಟಿದ್ದೇವೆ, ಸರಿಯಾಗೇ ಇದೆ, ನಿಮಗೆ ರೂಢಿ ಆಗುತ್ತೆ" ಅಂದರು. ನನಗೆ ರೂಢಿ ಆದರೂ ನೋಡುವವರಿಗೆ ಆಗಬೇಕಲ್ಲ? ಬದಲಿಸಿದರೆ ನಿಜವಾಗಿ ಹಲ್ಲಿನ ಹಾಗೇ ಆಗುತ್ತದಾ, ಅಥವಾ ಮತ್ತೆ ಇದೇ ಹಾಡಾ? ಹೋಗಿ ಏನಂತ ಕೇಳಬೇಕು?

ನವನಗರದವ

ಸುಮ್ನೆ ಬಿಡಿ ಟೀಚರ್. ಯಾರು ನಿಮ್ಮ ಹಲ್ಲು ನೋಡ್ತಾ ಕೂರ್ತಾರೆ?

ಸಾಧನಕೇರಿ ಟೀಚರ್

ನಲವತ್ತೆರಡು ಮಕ್ಕಳು, ದಿನಕ್ಕೆ ಐದು ತಾಸು.

ಲ್ಯಾಬ್ ಬ್ರಷ್, ಹುಬ್ಬಳ್ಳಿ

ಟೀಚರ್, ನಾನು ಹದಿನಾಲ್ಕು ವರ್ಷದಿಂದ ಡೆಂಟಲ್ ಲ್ಯಾಬಿನಲ್ಲಿ ಸಿರಾಮಿಕ್ ಕೆಲಸ ಮಾಡುತ್ತೇನೆ. ನಿಮ್ಮ ಕ್ಯಾಪನ್ನು ನನ್ನಂಥವನೇ ಯಾರೋ ಮಾಡಿರುತ್ತಾನೆ. ಅವನ ಕೈಗೆ ಏನು ಬಂದಿರುತ್ತದೆ ಗೊತ್ತಾ? ಒಂದು ಡಬ್ಬಿ, ಅದರೊಳಗೆ ನಿಮ್ಮ ಹಲ್ಲಿನ ಅಚ್ಚು, ಒಂದು ಚೀಟಿ. ಚೀಟಿಯಲ್ಲಿ "ಮೇಲಿನ ಮುಂದಿನದು, ಎ2, ಅರ್ಜೆಂಟ್". ನಿಮ್ಮ ವಯಸ್ಸು ಗೊತ್ತಿಲ್ಲ. ನಕ್ಕಾಗ ವಸಡು ಕಾಣುತ್ತದೋ ಇಲ್ಲವೋ ಗೊತ್ತಿಲ್ಲ. ಅಚ್ಚು ಬಿಳಿ ಅಥವಾ ಹಳದಿ ಕಲ್ಲು, ಅದರಲ್ಲಿ ಬಣ್ಣ ಎಲ್ಲಿಂದ ಬರಬೇಕು? ಮುಖ ನೋಡದೆ ರವಿಕೆ ಹೊಲಿದ ಹಾಗೆ.

ಎ2 ತಪ್ಪಲ್ಲ. ಆದರೆ ಎ2 ಒಂದು ಊರಿನ ಹೆಸರು ಇದ್ದ ಹಾಗೆ, ಮನೆ ವಿಳಾಸ ಅಲ್ಲ. ನಾವೆಲ್ಲ ಬಳಸುವ ವೀಟಾ ಶೇಡ್ ಪಟ್ಟಿ 1956ರಲ್ಲಿ ಬಂದದ್ದು, ಅದರಲ್ಲಿ ಇರುವುದು ಹದಿನಾರು ತುಂಡು. ಎ ಅಂದರೆ ಕೆಂಪು ಬೆರೆತ ಕಂದು, ಬಿ ಹಳದಿ ಕಡೆ, ಸಿ ಬೂದಿ, ಡಿ ಕೆಂಪು ಬೆರೆತ ಬೂದಿ. ಊರಿನವರ ಬಾಯೆಲ್ಲ ಈ ಹದಿನಾರರಲ್ಲೇ ಹಿಡಿಸಬೇಕು. ಅದೂ ಅಲ್ಲದೆ ಒಂದೇ ಹಲ್ಲಿನಲ್ಲಿ ಒಂದೇ ಬಣ್ಣ ಇರುವುದಿಲ್ಲ. ಕನ್ನಡಿ ಹಿಡಿದು ನಿಮ್ಮ ಇನ್ನೊಂದು ನಡುವಿನ ಹಲ್ಲು ನೋಡಿ. ವಸಡಿನ ಹತ್ತಿರ ಹಳದಿ ಜಾಸ್ತಿ. ನಡುವೆ ತಿಳಿ. ಕೆಳಗಿನ ಅಂಚಿನಲ್ಲಿ ತುಸು ನೀಲಿ ಬೂದಿ, ಆಚೆಯ ಕತ್ತಲೆ ಕಾಣುವಂಥ ಪಾರದರ್ಶಕ. ತೀರಾ ಅಂಚಿಗೆ ಮತ್ತೊಂದು ಎಳೆಯಷ್ಟು ಬಿಳಿ. ಇಷ್ಟನ್ನೂ ಒಂದು ಮಿಲಿಮೀಟರ್ ಆಸುಪಾಸಿನ ದಪ್ಪದಲ್ಲಿ ತರಬೇಕು.

ಇನ್ನು ನಿಮ್ಮ ಟೈಲ್ಸ್ ವಿಷಯ. ಒಳಗೆ ಲೋಹದ ಟೋಪಿ ಇದೆ. ಅದು ಕಪ್ಪು. ಆ ಕಪ್ಪು ಕಾಣದಿರಲಿ ಅಂತ ಮೊದಲು ಸುಣ್ಣ ಬಳಿದ ಹಾಗೆ ಗಟ್ಟಿ ಬಿಳಿ ಪದರ ಹಚ್ಚುತ್ತೇವೆ. ಅದರ ಮೇಲೆ ಸಿರಾಮಿಕ್ ಪುಡಿ ಕಟ್ಟುವುದು. ಹಲ್ಲನ್ನು ಮುಂದುಗಡೆ ಸಾಕಷ್ಟು ಸವೆಸಿದ್ದರೆ ನನಗೆ ಜಾಗ ಸಿಗುತ್ತದೆ, ಸುಣ್ಣ ಅಡಗುತ್ತದೆ. ಜಾಗ ಇಲ್ಲದಿದ್ದರೆ ಎರಡೇ ದಾರಿ. ಹಲ್ಲು ಉಬ್ಬಬೇಕು, ಇಲ್ಲ ಸುಣ್ಣ ಕಾಣಬೇಕು. ನಿಮ್ಮದು ಎರಡನೆಯದು ಅನಿಸುತ್ತದೆ. ವಸಡಿನ ಕಪ್ಪು ಗೆರೆ ಆ ಲೋಹದ ಅಂಚೇ.

ಹಲ್ಲಿನ ಪಿಜಿ

ನಾನು ಡಾಕ್ಟರ್ ಕಡೆಯವಳು. ಲ್ಯಾಬ್ ಅಣ್ಣ ಹೇಳಿದ್ದರಲ್ಲಿ ಎದುರು ಹೇಳುವಂಥದ್ದು ಏನೂ ಇಲ್ಲ, ನಮ್ಮ ತಪ್ಪನ್ನೂ ಸೇರಿಸುತ್ತೇನೆ.

ಶೇಡ್ ನೋಡುವ ಹೊತ್ತೇ ತಪ್ಪಿರುತ್ತದೆ. ಬಾಯಿ ತೆರೆದು ಇಪ್ಪತ್ತು ನಿಮಿಷ ಕೂತರೆ ಹಲ್ಲು ಒಣಗುತ್ತದೆ, ಒಣಗಿದ ಹಲ್ಲು ಬೆಳ್ಳಗೆ ಕಾಣುತ್ತದೆ. ಎಂಜಲಿನಲ್ಲಿ ಮತ್ತೆ ನೆನೆದು ಮೊದಲಿನ ಬಣ್ಣಕ್ಕೆ ಬರಲು ಅರ್ಧ ತಾಸಿಗಿಂತ ಜಾಸ್ತಿ ಬೇಕು. ಹಲ್ಲು ಸವೆಸಿ, ಅಳತೆ ತೆಗೆದು, ಕೊನೆಗೆ "ಅಯ್ಯೋ ಶೇಡ್" ಅಂತ ನೆನಪಾಗಿ ಪಟ್ಟಿ ಹಿಡಿದರೆ ಬಿಳಿ ಶೇಡೇ ಬರೆದುಕೊಳ್ಳುತ್ತೇವೆ. ಹಾಗಾಗಿ ಕುರ್ಚಿ ಮೇಲೆ ಕೂತ ಕೂಡಲೇ, ಇಂಜೆಕ್ಷನ್‌ಗೂ ಮೊದಲು ಶೇಡ್ ನೋಡಿ ಅಂತ ನೀವೇ ಹೇಳಿ. ಲಿಪ್‌ಸ್ಟಿಕ್ ಒರೆಸಿ. ಕೆಂಪು, ಹಳದಿ ಸೀರೆ ಉಟ್ಟಿದ್ದರೆ ಮೇಲೆ ಬೂದಿ ಬಟ್ಟೆ ಹೊದಿಸಬೇಕು. ಒಂದೊಂದು ತುಂಡನ್ನು ಐದಾರು ಸೆಕೆಂಡಿಗಿಂತ ಹೆಚ್ಚು ದಿಟ್ಟಿಸಬಾರದು, ಕಣ್ಣು ಆ ಬಣ್ಣಕ್ಕೆ ಒಗ್ಗಿಬಿಡುತ್ತದೆ. ನಡುನಡುವೆ ಬೂದಿ ಕಾರ್ಡ್ ನೋಡಬೇಕು.

ಬಣ್ಣಕ್ಕಿಂತ ಮೊದಲು ನೋಡುವುದು ಹಲ್ಲು ಎಷ್ಟು ಬೆಳಕು, ಎಷ್ಟು ಮಬ್ಬು ಅನ್ನುವುದನ್ನು. ಹಳದಿ, ಕೆಂಪು ಸ್ವಲ್ಪ ಆಚೀಚೆ ಆದರೆ ಎದುರು ಕೂತವರಿಗೆ ಗೊತ್ತಾಗುವುದಿಲ್ಲ. ಬೆಳಕು ಜಾಸ್ತಿ ಆದರೆ ರಸ್ತೆ ಆಚೆಯಿಂದಲೂ ಗೊತ್ತಾಗುತ್ತದೆ. ಕಣ್ಣು ಅರ್ಧ ಮುಚ್ಚಿ ನೋಡಿದರೆ ಇದು ಬೇಗ ಸಿಗುತ್ತದೆ. ಅನುಮಾನ ಬಂದರೆ ಒಂದು ಮೆಟ್ಟಿಲು ಮಬ್ಬಿನದೇ ಆರಿಸಿಕೊಳ್ಳಬೇಕು. ಮಬ್ಬಾದ ಹಲ್ಲು ಸಾಲಿನಲ್ಲಿ ಅಡಗುತ್ತದೆ, ಬೆಳಗಿದ್ದು ಅಡಗುವುದಿಲ್ಲ.

ಟೀಚರ್ ಹಲ್ಲಿಗೆ ಇನ್ನೊಂದು ತೊಡಕಿದೆ. ಹಲ್ಲು ಬೂದಿ ಬಣ್ಣಕ್ಕೆ ತಿರುಗಿತ್ತು ಅಂದರು, ಅಂದರೆ ಕ್ಯಾಪ್ ಒಳಗೆ ಉಳಿದಿರುವ ಹಲ್ಲಿನ ಬುಡ ಕಪ್ಪಾಗಿದೆ. ಲಿಥಿಯಂ ಡೈಸಿಲಿಕೇಟ್ ಅನ್ನುವ ಗಾಜಿನಂಥ ಸಿರಾಮಿಕ್ ಮುಂದಿನ ಹಲ್ಲಿಗೆ ಬಹಳ ಚೆಂದ. ಆದರೆ ಬೆಳಕು ಒಳಗೆ ಹೋಗುವುದೇ ಅದರ ಗುಣ. ಕಪ್ಪು ಬುಡದ ಮೇಲೆ ಕೂತರೆ ಆ ಕಪ್ಪೂ ಹೊರಗೆ ಬರುತ್ತದೆ. ಒಳಗಿಂದ ಬ್ಲೀಚ್ ಮಾಡಿ ಬುಡ ತಿಳಿ ಮಾಡಬಹುದು, ಇಲ್ಲ ಒಳಗೆ ಜಿರ್ಕೋನಿಯಾ ಅನ್ನುವ ಗಟ್ಟಿ ಬಿಳಿ ಸಿರಾಮಿಕ್ಕಿನ ಟೋಪಿ ಇಟ್ಟು ಮೇಲೆ ಪದರ ಕಟ್ಟಿಸಬಹುದು. ಮೆಟೀರಿಯಲ್ ಹೆಸರು ಕೇಳಿಕೊಂಡು ಹೋಗಿ "ನನಗೆ ಇದೇ ಬೇಕು" ಅನ್ನಬೇಡಿ. ಬುಡ ನೋಡಿ ಆರಿಸುವುದು.

ಫೋಟೋ ಸ್ಟುಡಿಯೋ, ದುರ್ಗದಬೈಲ್

ಸೀರೆ ಅಂಗಡಿಯಲ್ಲಿ ಹೆಂಗಸರು ಸೀರೆ ಹಿಡಿದು ಬಾಗಿಲಿಗೆ ಯಾಕೆ ಬರುತ್ತಾರೆ? ಒಳಗಿನ ಲೈಟಿನಲ್ಲಿ ಒಂದು, ಬಿಸಿಲಿನಲ್ಲಿ ಇನ್ನೊಂದು ಅಂತ ಅವರಿಗೆ ಗೊತ್ತು. ಹಲ್ಲಿಗೂ ಅದೇ. ಟ್ಯೂಬ್‌ಲೈಟಿನಲ್ಲಿ ಎರಡೂ ಹಲ್ಲು ಒಂದೇ ಕಂಡು, ಹೊರಗೆ ಬಂದರೆ ಜಗಳ ಶುರು. ಎರಡೂ ಕಡೆ ನೋಡಿಯೇ ಒಪ್ಪಿಕೊಳ್ಳಿ.

ಲ್ಯಾಬಿಗೆ ಫೋಟೋ ಕಳಿಸುವುದಾದರೆ: ಶೇಡ್ ತುಂಡನ್ನು ಹಲ್ಲಿನ ಅಂಚಿಗೆ ಅಂಚು ತಾಗಿಸಿ, ಅಷ್ಟೇ ಮುಂದೆ ಹಿಡಿದು ತೆಗೆಯಬೇಕು. ತುಂಡು ಮುಂದೆ ಬಂದರೆ ಅದೇ ಬೆಳ್ಳಗೆ ಕಾಣುತ್ತದೆ. ತುಂಡಿನ ನಂಬರ್ ಫೋಟೋದಲ್ಲಿ ಓದಲು ಬರಬೇಕು. ಬ್ಯೂಟಿ ಮೋಡ್ ಆಫ್. ಆಮೇಲೆ ಅದೇ ಫೋಟೋ ಕಪ್ಪು ಬಿಳುಪು ಮಾಡಿ ನೋಡಿ, ಪಿಜಿ ಮೇಡಂ ಹೇಳಿದ ಬೆಳಕು ಮಬ್ಬಿನ ವ್ಯತ್ಯಾಸ ತಟ್ಟನೆ ಕಾಣುತ್ತದೆ.

ಒಂದು ತಮಾಷೆ. ಹೋದ ಸೀಸನ್ನಿನಲ್ಲಿ ಒಂದು ರಿಸೆಪ್ಷನ್‌ಗೆ ಹೋಗಿದ್ದೆ. ಡಿಜೆಯವನು ಆ ನೇರಳೆ ಲೈಟ್ ಹಾಕಿದ. ಎಲ್ಲರ ಹಲ್ಲೂ ಫಳಫಳ, ಮದುಮಗನ ಅಣ್ಣನದು ಒಂದು ಹಲ್ಲು ಮಾತ್ರ ಮಾಯ! ಬಾಯಲ್ಲಿ ಕಿಂಡಿ ಇದ್ದ ಹಾಗೆ.

ಲ್ಯಾಬ್ ಬ್ರಷ್, ಹುಬ್ಬಳ್ಳಿ

ಸ್ಟುಡಿಯೋ ಅಣ್ಣಾ, ಅದು ನಿಜ. ಅಸಲಿ ಹಲ್ಲು ಆ ಲೈಟಿನಲ್ಲಿ ತಾನೇ ನೀಲಿ ಬಿಳಿ ಹೊಳೆಯುತ್ತದೆ. ಕೆಲವು ಸಿರಾಮಿಕ್‌ಗೆ ಆ ಗುಣ ಇರುವುದಿಲ್ಲ. ಈಗ ಹಾಗೆ ಹೊಳೆಯುವ ಪುಡಿ, ಗ್ಲೇಜ್ (ಮೇಲೆ ಹಚ್ಚುವ ಗಾಜಿನಂಥ ಲೇಪ) ಎರಡೂ ಸಿಗುತ್ತವೆ. ಕೇಳಿದರೆ ಹಾಕುತ್ತಾರೆ, ಯಾರೂ ಕೇಳುವುದಿಲ್ಲ.

ಮುಂಡರಗಿ ಕಡೆಯವ, ಗದಗ

ಇಲ್ಲಿ ಎಲ್ಲರೂ ಪಕ್ಕದ ಹಲ್ಲು ಅಂದರೆ ಚೆಂದದ ಹಲ್ಲು ಅಂತ ಮಾತಾಡುತ್ತಿದ್ದೀರಿ. ನಮ್ಮ ಕಡೆ ಕತೆ ಬೇರೆ. ನಾವು ಚಿಕ್ಕವರಿದ್ದಾಗ ಕುಡಿದದ್ದು ಬೋರಿನ ಫ್ಲೋರೈಡ್ ನೀರು. ನನ್ನ ಹಲ್ಲಿನ ಮೇಲೆ ಅಡ್ಡ ಬಿಳಿ ಗೆರೆ, ನಡುವೆ ಚಹಾ ಚೆಲ್ಲಿದ ಹಾಗೆ ಕಂದು ಕಲೆ. ಓಣಿಯಲ್ಲಿ ಅರ್ಧ ಜನರ ನಗು ಹೀಗೇ.

ಬೈಕಿನಿಂದ ಬಿದ್ದು ಒಂದು ಮುಂದಿನ ಹಲ್ಲು ಮುರಿಯಿತು. ಮೊದಲು ಹೋದ ಕಡೆ "ಒಂದಕ್ಕೆ ಬೇಡ, ಆರೂ ಹಲ್ಲಿಗೆ ಕ್ಯಾಪ್ ಹಾಕೋಣ, ಎಲ್ಲಾ ಬೆಳ್ಳಗಾಗುತ್ತವೆ" ಅಂದರು. ಅವ್ವಗೂ ಅದೇ ಆಸೆ. ನನಗೆ ಯಾಕೋ ಮನಸ್ಸಾಗಲಿಲ್ಲ. ಗಟ್ಟಿಮುಟ್ಟಾದ ಐದು ಹಲ್ಲು ಕೆರೆಯಬೇಕಲ್ಲ. ಇನ್ನೊಬ್ಬ ಡಾಕ್ಟರ್ ಒಪ್ಪಿ ನನ್ನನ್ನೇ ಲ್ಯಾಬಿಗೆ ಕಳಿಸಿದರು. ಅಲ್ಲಿಯ ಹುಡುಗ ನನ್ನನ್ನು ಕಿಟಕಿಗೆ ಎದುರು ಕೂರಿಸಿ, ಹಾಳೆ ಮೇಲೆ ಪೆನ್ಸಿಲಿನಿಂದ ನನ್ನ ಹಲ್ಲಿನ ಚಿತ್ರ ಬರೆದ. ಯಾವ ಗೆರೆ ಎಲ್ಲಿ ತುಂಡಾಗುತ್ತದೆ, ಕಲೆ ಎಲ್ಲಿ ಗಾಢ, ಎಲ್ಲಿ ಮಸುಕು, ಒಂದೂ ಬಿಡಲಿಲ್ಲ. ಕ್ಯಾಪ್ ಬಂತು. ಕಲೆ ಇರುವ ಕ್ಯಾಪ್! ದುಡ್ಡು ಕೊಟ್ಟು ಕಲೆ ಹಾಕಿಸಿಕೊಂಡ ಅಂತ ಗೆಳೆಯರು ಇವತ್ತಿಗೂ ನಗುತ್ತಾರೆ. ಯಾವ ಹಲ್ಲು ಹೇಳ್ರೋ ಅಂದರೆ ಮಾತ್ರ ಬೇರೆ ಹಲ್ಲಿಗೆ ಬೆರಳು ಮಾಡುತ್ತಾರೆ.

ನವನಗರದವ

ಇದು ಅತಿ ಆಯ್ತು. ಕಲೆ ತೆಗೆಸೋ ಅವಕಾಶ ಸಿಕ್ಕಾಗ ಕಲೆ ಹಾಕಿಸೋದಾ? ನಾಳೆ ಕನ್ಯೆ ನೋಡಲು ಹೋದಾಗ ಅವರು ಮೊದಲು ನೋಡೋದು ಹಲ್ಲೇ.

ಮುಂಡರಗಿ ಕಡೆಯವ, ಗದಗ

ಹೋಗಿ ಬಂದೆ ಅಣ್ಣಾ. ಅವಳದ್ದೂ ಅದೇ ನೀರು.

ಹಲ್ಲಿನ ಪಿಜಿ

ನವನಗರದ ಅಣ್ಣ ಕೇಳಿದ್ದು ತಪ್ಪಲ್ಲ, ಬಹಳ ಜನರಿಗೆ ಆ ಕಲೆ ಮನಸ್ಸಿಗೆ ಚುಚ್ಚುತ್ತದೆ. ತೆಗೆಸಬೇಕು ಅಂದರೆ ತೆಗೆಸಲಿ. ಆದರೆ ಕ್ಯಾಪ್ ಕೊನೆಯ ದಾರಿ. ಪೂರ್ತಿ ಕ್ಯಾಪ್‌ಗೆ ಕಾಣುವ ಹಲ್ಲಿನ ಅರ್ಧಕ್ಕಿಂತ ಜಾಸ್ತಿ ಭಾಗ ಸವೆಸಬೇಕಾಗುತ್ತದೆ, ಸವೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಕಲೆ ಮೇಲ್ಮೇಲೆ ಇದ್ದರೆ ಮೇಲಿನ ತೆಳು ಪದರ ಉಜ್ಜಿ ತೆಗೆಯುವುದು, ಬ್ಲೀಚಿಂಗ್, ಕಲೆಯೊಳಗೆ ರೆಸಿನ್ ಅನ್ನುವ ತೆಳು ದ್ರವ ಇಳಿಸುವುದು, ಕಾಂಪೊಸಿಟ್ ಅನ್ನುವ ಹಲ್ಲಿನ ಬಣ್ಣದ ಫಿಲ್ಲಿಂಗ್, ಇವನ್ನೆಲ್ಲ ಮೊದಲು ನೋಡಬೇಕು. ಬ್ಲೀಚಿಂಗ್ ಆದರೆ ಕ್ಯಾಪ್‌ಗಿಂತ ಮುಂಚೆಯೇ ಆಗಲಿ. ಕ್ಯಾಪ್ ಬ್ಲೀಚ್ ಆಗುವುದಿಲ್ಲ. ಬ್ಲೀಚ್ ಆದ ಮೇಲೆ ಎರಡು ವಾರ ಬಿಟ್ಟು, ಬಣ್ಣ ನಿಂತ ಮೇಲೆ ಶೇಡ್ ತೆಗೆಯಬೇಕು.

ಮನೆಯಲ್ಲಿ ಸಣ್ಣ ಮಕ್ಕಳಿದ್ದವರು ನೀರು ಪರೀಕ್ಷೆ ಮಾಡಿಸಿ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಹಲ್ಲು ಒಳಗೆ ತಯಾರಾಗುವ ವಯಸ್ಸಿನಲ್ಲಿ, ಅಂದರೆ ಎಂಟು ವರ್ಷದೊಳಗೆ ಕುಡಿದ ನೀರಿನದೇ ಈ ಕಲೆ.

ಬ್ಯಾಡಗಿ ಕಾಕಾ, ಹಾವೇರಿ

ನನಗೆ ಅರವತ್ತಾರು. ಮೇಲಿನ ಮುಂದಿನ ಒಂದು ಹಲ್ಲು ಕಿತ್ತಿಸಿ, ಅತ್ತ ಇತ್ತ ಹಿಡಿದು ಮೂರು ಹಲ್ಲಿನ ಬ್ರಿಡ್ಜ್ ಮಾಡಿಸಿದ್ದೇನೆ. ಬಣ್ಣ ಪರವಾಗಿಲ್ಲ. ನಡುವಿನ ಹಲ್ಲು ಮಾತ್ರ ವಸಡಿನಿಂದ ಹೊರಬಂದ ಹಾಗಿಲ್ಲ, ಮೇಲೆ ಇಟ್ಟ ಹಾಗಿದೆ. ಮೇಲೆ ಸಂದಿ, ಅಲ್ಲಿ ಕಪ್ಪು ಕಾಣುತ್ತದೆ. "ಶಿಶುನಾಳ" ಅಂದರೆ ಶಿಳ್ಳೆ ಬರುತ್ತದೆ. ಊಟ ಆದ ಮೇಲೆ ಶೇಂಗಾ ಹಿಂಡಿ ಅಲ್ಲೇ ಠಿಕಾಣಿ. ಮೂರೂ ಹಲ್ಲು ಒಂದೇ ಹಲಗೆಯಲ್ಲಿ ಗೆರೆ ಕೊರೆದ ಹಾಗೆ ಕಾಣುತ್ತವೆ. ಇದಕ್ಕೇನು ಮದ್ದು ತಮ್ಮಾ?

ಲ್ಯಾಬ್ ಬ್ರಷ್, ಹುಬ್ಬಳ್ಳಿ

ಕಾಕಾ, ಬ್ರಿಡ್ಜಿನಲ್ಲಿ ಕಷ್ಟ ಇರುವುದೇ ಆ ನಡುವಿನ ಹಲ್ಲಿನಲ್ಲಿ. ಹಲ್ಲು ಕಿತ್ತ ಮೇಲೆ ಅಲ್ಲಿಯ ಎಲುಬು ಕರಗುತ್ತಾ ಹೋಗುತ್ತದೆ, ವಸಡೂ ಕುಸಿಯುತ್ತದೆ. ಗುಂಡಿಯ ಮೇಲೆ ಹಲ್ಲು ಇಟ್ಟರೆ ಇಟ್ಟ ಹಾಗೇ ಕಾಣುತ್ತದೆ. ಚೆನ್ನಾಗಿ ಆಗಬೇಕು ಅಂದರೆ ಅದರ ಬುಡವನ್ನು ಮೊಟ್ಟೆಯ ತುದಿಯ ಹಾಗೆ ದುಂಡಗೆ ಮಾಡಿ, ವಸಡಿನಲ್ಲಿ ಅದಕ್ಕೆ ತಕ್ಕ ಸಣ್ಣ ಹಳ್ಳ ಮಾಡಿ ಕೂರಿಸಬೇಕು. ಮೊದಲು ತಾತ್ಕಾಲಿಕ ಬ್ರಿಡ್ಜ್ ಹಾಕಿ, ಅದರ ಬುಡಕ್ಕೆ ಸ್ವಲ್ಪ ಸ್ವಲ್ಪ ಅಕ್ರಿಲಿಕ್ ಸೇರಿಸುತ್ತಾ ಕೆಲವು ವಾರ ವಸಡನ್ನು ಒತ್ತಿ ಆಕಾರಕ್ಕೆ ತರುತ್ತಾರೆ. ಆಮೇಲೆ ಅಳತೆ. ನಮ್ಮಲ್ಲಿ "ಮದುವೆ ಇದೆ, ಶನಿವಾರ ಬೇಕು" ಅಂತ ಬರುತ್ತದೆ. ವಸಡಿಗೆ ಮದುವೆ ಗೊತ್ತಿಲ್ಲ. ಗುಂಡಿ ಜಾಸ್ತಿ ಇದ್ದರೆ ವಸಡು ಕಸಿ, ಇಲ್ಲ ಗುಲಾಬಿ ಸಿರಾಮಿಕ್ಕಿನಿಂದ ವಸಡಿನ ಹಾಗೆ ಮಾಡುವುದು.

ಹಲಗೆ ಹಾಗೆ ಕಾಣುವುದು ಆಕಾರದ ತಪ್ಪು. ಹಲ್ಲು ಹಲ್ಲಿನ ನಡುವೆ ಆಳ ಕೊಡಬೇಕು. ಕೆಳಗಿನ ಮೂಲೆಗಳಲ್ಲಿ ತಲೆಕೆಳಗಾದ ವಿ ಹಾಗೆ ಸಣ್ಣ ಸಂದಿ ಬಿಡಬೇಕು, ಕೋರೆ ಹಲ್ಲಿನ ಕಡೆ ಹೋದಂತೆ ಆ ಸಂದಿ ದೊಡ್ಡದಾಗಬೇಕು. ಕೋರೆ ಹಲ್ಲು ಸಾಮಾನ್ಯವಾಗಿ ಒಂದು ಹದ ಗಾಢ. ಎಲ್ಲಾ ಒಂದೇ ಬಣ್ಣದಲ್ಲಿ ಕೊಟ್ಟರೆ ದಂತಪಂಕ್ತಿ ಅಲ್ಲ, ಪಿಯಾನೋ.

ಜಾಗ ಅಗಲ ಇದ್ದು ಹಲ್ಲು ಕಿರಿದು ಕಾಣಬೇಕೆಂದರೂ ದಾರಿ ಇದೆ. ಹಲ್ಲಿನ ಮುಖದಲ್ಲಿ ಎಡಬಲಕ್ಕೆ ಎರಡು ಉಬ್ಬು ಅಂಚು ಇರುತ್ತವೆ, ಬೆಳಕು ಬಿದ್ದು ಹೊಳೆಯುವುದು ಅಲ್ಲೇ. ಆ ಎರಡನ್ನೂ ಹತ್ತಿರ ತಂದರೆ ಹಲ್ಲು ಕಿರಿದು ಅನಿಸುತ್ತದೆ. ಅಳತೆ ಅಷ್ಟೇ ಇರುತ್ತದೆ, ಕಣ್ಣು ಮೋಸ ಹೋಗುತ್ತದೆ.

ನಿಮ್ಮ ವಯಸ್ಸಿಗೆ ಇನ್ನೊಂದು. ಹದಿಹರೆಯದವರ ಹಲ್ಲಿನ ಮೇಲೆ ಅಡ್ಡಕ್ಕೆ ಸಣ್ಣ ಸಣ್ಣ ಗೆರೆ ಇರುತ್ತವೆ, ಉಗುರು ಎಳೆದರೆ ಗೊತ್ತಾಗುತ್ತದೆ. ವಯಸ್ಸಾದಂತೆ ಅವು ಸವೆದು ಹಲ್ಲು ನುಣುಪಾಗುತ್ತದೆ, ಕೆಳಗಿನ ಅಂಚು ಚಪ್ಪಟೆ ಆಗುತ್ತದೆ, ಉದ್ದಕ್ಕೆ ಕೂದಲೆಳೆ ಬಿರುಕು ಬೀಳುತ್ತವೆ. ಅರವತ್ತರ ಬಾಯಿಗೆ ಇಪ್ಪತ್ತರ ಹಲ್ಲು ಕೊಟ್ಟರೆ ಎದ್ದು ಕಾಣುತ್ತದೆ. ನಾನು ಕೊನೆಗೆ ಕ್ಯಾಪ್ ಮೇಲೆ ಬಂಗಾರ ಬಣ್ಣದ ಪುಡಿ ಸವರಿ ನೋಡುತ್ತೇನೆ. ಬಣ್ಣ ಮುಚ್ಚಿಹೋಗಿ ಮೇಲ್ಮೈ ಮಾತ್ರ ಕಾಣುತ್ತದೆ. ಅಚ್ಚಿನಲ್ಲಿರುವ ಪಕ್ಕದ ಹಲ್ಲಿಗೂ ಸವರುತ್ತೇನೆ. ಎರಡರ ಮೇಲೂ ಬೆಳಕು ಒಂದೇ ಥರ ಮುರಿದರೆ ಸರಿ, ಇಲ್ಲದಿದ್ದರೆ ಮತ್ತೆ ಉಜ್ಜುವ ಕಲ್ಲು ಹಿಡಿಯುವುದು.

ಹಲ್ಲಿನ ಪಿಜಿ

ಕಾಕಾ, ಶಿಳ್ಳೆಗೆ ಹಲ್ಲಿನ ಉದ್ದ, ಒಳಬದಿಯ ದಪ್ಪ, ಸಂದಿ ಎಲ್ಲಾ ನೋಡಬೇಕು. ನಾವು "ಐವತ್ತೈದು, ಐವತ್ತಾರು" ಅಂತ ಎಣಿಸಲು ಹೇಳುತ್ತೇವೆ. ವ ಅನ್ನುವಾಗ ಮೇಲಿನ ಹಲ್ಲಿನ ಅಂಚು ಕೆಳತುಟಿಯ ಒಳ ಅಂಚಿಗೆ ಮೆಲ್ಲಗೆ ಬರಬೇಕು. ತುಟಿಗೆ ಒತ್ತಿದರೆ ಹಲ್ಲು ಉದ್ದ ಆಗಿದೆ ಅಂತ. ಇದನ್ನು ತಾತ್ಕಾಲಿಕ ಬ್ರಿಡ್ಜಿನಲ್ಲೇ ಸರಿ ಮಾಡಿಕೊಳ್ಳಬೇಕು.

ಸಂದಿಯಲ್ಲಿ ಊಟ ನಿಂತು ವಾಸನೆ ಬರುತ್ತಿದ್ದರೆ, ವಸಡಿನಿಂದ ರಕ್ತ ಬರುತ್ತಿದ್ದರೆ ಚೆಂದದ ವಿಷಯ ಆಮೇಲೆ, ಮೊದಲು ತೋರಿಸಿ. ಸತ್ತೂರಿನ ಎಸ್‌ಡಿಎಂ ಡೆಂಟಲ್ ಕಾಲೇಜಿಗೆ ಹೋದರೆ ಪ್ರೋಸ್ಥೋಡಾಂಟಿಕ್ಸ್ ವಿಭಾಗ ಕೇಳಿ, ಕ್ಯಾಪ್ ಬ್ರಿಡ್ಜ್ ಅವರದೇ ವಿಷಯ. ಒಂದೇ ದಿನದಲ್ಲಿ ಮುಗಿಯುತ್ತದೆ ಅಂತ ಮಾತ್ರ ಹೋಗಬೇಡಿ.

ಬ್ಯಾಡಗಿ ಕಾಕಾ, ಹಾವೇರಿ

ಮತ್ತೆ ಕಡಕ್ ರೊಟ್ಟಿ?

ಲ್ಯಾಬ್ ಬ್ರಷ್, ಹುಬ್ಬಳ್ಳಿ

ಮುಂದಿನ ಹಲ್ಲಿನಿಂದ ಕಚ್ಚಿ ಮುರಿಯಬೇಡಿ ಕಾಕಾ. ಕೈಯಿಂದ ಮುರಿದು ದವಡೆಗೆ ಹಾಕಿ. ದವಡೆ ಹಲ್ಲಿಗೆ ಇಡೀ ಜಿರ್ಕೋನಿಯಾ ಸಾಕು, ಅದು ಭಾರೀ ಗಟ್ಟಿ. ಹೆಚ್ಚು ಪಾರದರ್ಶಕ ಜಿರ್ಕೋನಿಯಾ ಅಂತ ಬರುತ್ತದಲ್ಲ, ಅದು ನೋಡಲು ಚೆಂದ, ಗಟ್ಟಿತನ ಕಮ್ಮಿ. ಚೆಂದ ಮತ್ತು ಗಟ್ಟಿ ಎರಡೂ ಒಂದೇ ತುಂಡಿನಲ್ಲಿ ಪೂರ್ತಿ ಸಿಗುವುದಿಲ್ಲ, ಎಲ್ಲಿ ಯಾವುದು ಬೇಕೋ ಅದು.

ಸಾಧನಕೇರಿ ಟೀಚರ್, ಧಾರವಾಡ

ಎರಡು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಬದಲಿಸಿದೆ.

ಬೇರೆ ಡಾಕ್ಟರ್. ಹಳೆಯ ಕ್ಯಾಪ್ ಕತ್ತರಿಸಿ ತೆಗೆದರು. ಒಳಗೆ ಬುಡ ನೋಡಿದೆ, ಹಣ್ಣಾದ ಬಾಳೆಹಣ್ಣಿನ ಸಿಪ್ಪೆ ಬಣ್ಣ. ಒಳಗಿಂದ ಬ್ಲೀಚ್ ಮಾಡಿದರು, ಪೂರ್ತಿ ಹೋಗಲಿಲ್ಲ, ತಿಳಿ ಆಯಿತು. ಶೇಡ್ ಮೊದಲೇ ತೆಗೆದರು. ನಾನು ಬೂದಿ ಬಣ್ಣದ ಕಾಟನ್ ಸೀರೆ ಉಟ್ಟೇ ಹೋಗಿದ್ದೆ, ಡಾಕ್ಟರ್ ನಕ್ಕರು. ಚೀಟಿಯಲ್ಲಿ ಈ ಸಲ ಎರಡು ನಂಬರ್, ಒಂದು ಚಿತ್ರ. ವಸಡಿನ ಕಡೆಗೆ ಎ3, ನಡುವೆ ಎ2, ಅಂಚಿಗೆ ಬರೀ ಚಿತ್ರ.

ಲ್ಯಾಬಿಗೂ ಹೋದೆ. ಪುಡಿಯನ್ನು ನೀರಿನಂಥದ್ದರಲ್ಲಿ ಕಲಸಿ ಬ್ರಷ್ಷಿನಿಂದ ಕಟ್ಟುತ್ತಿದ್ದರು, ರಂಗೋಲಿ ಹಿಟ್ಟು ಒದ್ದೆಯಾದ ಹಾಗೆ. ಹಲ್ಲು ಗುಲಾಬಿ, ನೀಲಿ ಇತ್ತು! ನಾನು ಹೆದರಿದೆ. ಪದರ ಗುರುತಿಗೆ ಹಾಕಿದ ಬಣ್ಣ, ಬೆಂಕಿಯಲ್ಲಿ ಹೋಗುತ್ತದೆ ಅಂದರು. ಅಳತೆಗಿಂತ ದಪ್ಪ ಕಟ್ಟಿದ್ದರು. ಸುಟ್ಟಾಗ ಕುಗ್ಗುತ್ತದಂತೆ.

ಮೊದಲ ಸಲ ಕೂರಿಸಿ ನೋಡಿದಾಗ ಅಂಚು ಸ್ವಲ್ಪ ಹಾಲು ಹಾಲು. ಅಂಟಿಸುವ ಮೊದಲು ಬಾಲ್ಕನಿಗೆ ಹೋಗಿ ನೋಡುತ್ತೇನೆ ಅಂದೆ. ನೋಡಿ ವಾಪಸ್ ಕಳಿಸಿದೆವು. ಎರಡನೇ ಸಲ ಸರಿ ಅನಿಸಿತು, ಅಂಟಿಸಿದರು. ನಮ್ಮ ಯಜಮಾನರಿಗೆ ಗೊತ್ತೇ ಆಗಲಿಲ್ಲ, ಆದರೆ ಅವರಿಗೆ ನಾನು ಕಿವಿಯೋಲೆ ಬದಲಿಸಿದ್ದೂ ಗೊತ್ತಾಗುವುದಿಲ್ಲ. ಪಕ್ಕಕ್ಕೆ ತಿರುಗಿ ನೋಡಿದರೆ ಈಗಲೂ ಒಂದು ಮೂಲೆ ಜಾಸ್ತಿ ಹೊಳೆಯುತ್ತದೆ. ನನಗೊಬ್ಬಳಿಗೇ ಕಾಣುತ್ತದೆ ಅಂದುಕೊಂಡಿದ್ದೇನೆ.

ಲ್ಯಾಬ್ ಬ್ರಷ್, ಹುಬ್ಬಳ್ಳಿ

ಯಾವ ಮೂಲೆ ಟೀಚರ್, ಕೋರೆ ಕಡೆಯದಾ? ಅದು ಪಾಲಿಶ್ ಜಾಸ್ತಿ ಆಗಿರಬಹುದು. ಮುಂದಿನ ಚೆಕಪ್‌ಗೆ ಹೋದಾಗ ತೋರಿಸಿ, ಬಾಯಲ್ಲೇ ಹದ ಮಾಡಲು ಬರುತ್ತದೆ. ಕಿಟಕಿ ಬೆಳಕಿನಲ್ಲಿ ಒಂದು ಫೋಟೋ ಹಾಕಿ, ನೋಡೋಣ.

ಬ್ಯಾಡಗಿ ಕಾಕಾ, ಹಾವೇರಿ

ನಾನೂ ಸತ್ತೂರಿಗೆ ಹೋಗಿ ಬಂದೆ. ತಾತ್ಕಾಲಿಕ ಹಾಕಿದ್ದಾರೆ, ವಸಡು ಒತ್ತುತ್ತಿದೆ. ಇನ್ನೂ ಮೂರು ವಾರ ಅಂದರು. ಸಂದಿಗೆ ದಾರ ತೂರಿಸಿ ತಿಕ್ಕುವುದು ಕಲಿಸಿದ್ದಾರೆ, ಸೊಸೆಯ ಸೂಜಿಗೆ ದಾರ ಪೋಣಿಸಿದ ಹಾಗೆ, ಕನ್ನಡಕ ಬೇಕು. "ಶಿಶುನಾಳ" ಈಗ ಸರಿಯಾಗಿ ಬರುತ್ತದೆ. "ಸವಣೂರು" ಇನ್ನೂ ಸ್ವಲ್ಪ ಶಿಳ್ಳೆ.